ಸೋಮವಾರದ ಜೀನು

ಕುದುರೆಯ ಮೇಲೆ ಕುಳಿತು ಬೆಟ್ಟ ಹತ್ತಬೇಕೆಂಬ ಆಸೆಯನ್ನು ಅರವತ್ತೊಂದನೆಯ ವಯಸ್ಸಿನಲ್ಲಿ ತೀರಿಸಿಕೊಳ್ಳಲು ಹೊರಟೆನೆಂದರೆ ನಗುವವರು ನಗಲಿ. ಬೇಗೂರಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದೆ. ಅಷ್ಟೂ ವರ್ಷ, ಶಾಲೆಯ ಚಾರಣಗಳಲ್ಲಿ ಹುಡುಗರು ಗಂಡು ಮೇಷ್ಟರ ಹಿಂದೆ ಬೆಟ್ಟ ಹತ್ತುವಾಗ, ನನ್ನನ್ನು ಊಟದ ಡಬರಿಗಳ ಕಾವಲಿಗೆ ಕೆಳಗೆ ಕೂರಿಸಲಾಗುತ್ತಿತ್ತು. ‘ಮೇಡಂಗೆ ಯಾಕೆ ತೊಂದರೆ’ ಎಂಬುದು ಅದಕ್ಕೆ ಕೊಡುತ್ತಿದ್ದ ಗೌರವದ ಕಾರಣ. ಆ ಗೌರವವನ್ನು ತಲೆಬಾಗಿ ಒಪ್ಪಿಕೊಂಡದ್ದು ನನ್ನ ತಪ್ಪು. ನಿವೃತ್ತಿಯಾದ ಮರುವರ್ಷ ಆ ತಪ್ಪನ್ನು ತಿದ್ದಿಕೊಳ್ಳಲು ಒಂದು ಬ್ಯಾಗು ಹಿಡಿದು ಹೊರಟೆ. ಗುಂಡ್ಲುಪೇಟೆಯಲ್ಲಿ ಒಂದು ಬಸ್ಸು, ಚಾಮರಾಜನಗರದಲ್ಲಿ ಇನ್ನೊಂದು ಬಸ್ಸು ಹಿಡಿದು, ಪುಣಜನೂರಿನ ದಾರಿಯಲ್ಲಿ ಇಳಿದು, ಎಡಕ್ಕೆ ತಿರುಗುವ ಮಣ್ಣಿನ ರಸ್ತೆಯಲ್ಲಿ ನಡೆದರೆ ತೊರೆಕಲ್ಲು ಬೆಟ್ಟ. ಅದರ ಬುಡದಲ್ಲಿ ಪುಟ್ಟಬಸಪ್ಪನ ಕ್ಯಾಂಪು.

ಪುಟ್ಟಬಸಪ್ಪ ಅರಿಶಿನ, ಬಾಳೆ ಬೆಳೆಯುವ ರೈತ. ನಾಲ್ಕು ವರ್ಷದ ಹಿಂದೆ ಹೊಲದ ಒಂದು ಮೂಲೆಯಲ್ಲಿ ಹೆಂಚಿನ ನಾಲ್ಕು ಕೋಣೆ ಕಟ್ಟಿಸಿ, ಮೈಸೂರಿನಿಂದ ನಾಲ್ಕು ಕುದುರೆ ತರಿಸಿ, ಬೆಟ್ಟ ನೋಡಲು ಬರುವವರಿಗೆ ಸವಾರಿಯ ಏರ್ಪಾಡು ಮಾಡಿದ್ದ. ರಸ್ತೆಯ ಈ ಬದಿಗೆ ಕ್ಯಾಂಪು ಮತ್ತು ಕುದುರೆಯ ಲಾಯ; ಆ ಬದಿಗೆ ಅವನ ಮನೆ, ಮನೆಗೆ ಅಂಟಿದಂತೆ ದನದ ಕೊಟ್ಟಿಗೆ. ಮಾತು ಸಿಹಿ, ನಡವಳಿಕೆ ವಿನಯ. ಬೆಳಗಿನ ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಧರಿಸದೆ ಅತಿಥಿಗಳ ಮುಂದೆ ಬರುತ್ತಿರಲಿಲ್ಲ. ನಾನು ಅವನನ್ನು ಮೊದಲ ದಿನವೇ ಮೆಚ್ಚಿಕೊಂಡೆ. ಮನುಷ್ಯರನ್ನು ಅಳೆಯುವ ನನ್ನ ಪರಿಣತಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಭಾನುವಾರ ಅರ್ಧ ಬೆಟ್ಟದವರೆಗೆ ಸವಾರಿ, ಸೋಮವಾರ ನೆತ್ತಿಯವರೆಗೆ ಎಂದು ನಿಗದಿಯಾಗಿತ್ತು. ಅಂದು ಮೂವರೇ ಅತಿಥಿಗಳು: ನಾನು, ಮತ್ತು ಮೈಸೂರಿನಲ್ಲಿ ಮೊಬೈಲ್ ಅಂಗಡಿ ನಡೆಸುವ ಪ್ರದೀಪ್, ಅವನ ಹೆಂಡತಿ ಅನು. ಮುಂದೆ ದಾರಿ ತೋರಿಸುತ್ತ ನಡೆದವಳು ಲಾಯದ ಚಾಮುಂಡಿ. ಇಪ್ಪತ್ತೇಳು ವರ್ಷದ ಹುಡುಗಿ. ಪುಟ್ಟಬಸಪ್ಪನ ಹೊಲ ಉಳುವ ಬೋರಯ್ಯನ ಮಗಳು. ಮೈಸೂರಿನಲ್ಲಿ ಟಾಂಗಾ ಓಡಿಸುತ್ತಿದ್ದ ಮುದುಕ ಸಾಬರೊಬ್ಬರ ಹತ್ತಿರ ಎರಡು ವರ್ಷವಿದ್ದು ಕುದುರೆಯ ಕೆಲಸ ಕಲಿತುಬಂದಿದ್ದಳು. ನಾಲ್ಕೂ ಕುದುರೆಗಳು ಅವಳ ಶಿಳ್ಳೆಗೆ ಕಿವಿ ನಿಮಿರಿಸುತ್ತಿದ್ದವು. ಒಡೆಯನ ಕೂಗಿಗೆ ಅಲ್ಲ.

ನನಗೆ ಸಿಕ್ಕಿದ್ದು ಚಂದ್ರಿ ಎಂಬ ಕಂದು ಹೆಣ್ಣುಕುದುರೆ. ವಯಸ್ಸಾದದ್ದು, ಸಾಧು. ಲಾಂಟಾನದ ಪೊದೆ, ಬಿದಿರು ಮೆಳೆ, ಒಣಗಿದ ಆನೆಲದ್ದಿ ಬಿದ್ದ ಕಾಲುದಾರಿ, ಆಮೇಲೆ ಬರೀ ಬಂಡೆ. ಬಂಡೆಯ ಅಂಚಿನಲ್ಲಿ ಅದು ಒಂದೊಂದು ಗೊರಸನ್ನೂ ಇಟ್ಟು ಪರೀಕ್ಷಿಸಿ ಮುಂದಿನದನ್ನು ಎತ್ತುತ್ತಿತ್ತು. ಅರ್ಧ ಬೆಟ್ಟದಲ್ಲಿ ಬಂಡೆಯೊಳಗೊಂದು ದೊಣೆ. ಅದರ ತುಂಬ ತಿಳಿನೀರು. ಅಲ್ಲಿಂದ ಚಾಮರಾಜನಗರದ ಬಯಲು ಮುಖ ತೊಳೆದ ಹಾಗೆ ಕಾಣುತ್ತಿತ್ತು. ಕುದುರೆಯ ಮೇಲೆ ಕುಳಿತೇ ಫೋಟೋ ತೆಗೆಸಿಕೊಂಡೆ. ಮೂವತ್ತೊಂದು ವರ್ಷದ ಡಬರಿಗಳ ಮೇಲೆ ಸೇಡು ತೀರಿಸಿಕೊಂಡಂತೆ ಆಯಿತು.

ಸಂಜೆ ಐದರ ಸುಮಾರಿಗೆ, ಉಪಕಾರ ಸ್ಮರಣೆಗೆಂದು ನಾಲ್ಕು ಬಾಳೆಹಣ್ಣು ಹಿಡಿದು ಲಾಯಕ್ಕೆ ಹೋದೆ. ಚಾಮುಂಡಿ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಚಂದ್ರಿಯ ಬೆನ್ನನ್ನು ಒತ್ತಿ ಒತ್ತಿ ಒರೆಸುತ್ತಿದ್ದಳು.

‘ಬನ್ನಿ ಮೇಷ್ಟ್ರಮ್ಮ. ಇಂದ್ಗಡೆ ನಿಂತ್ಕಬ್ಯಾಡಿ, ಒದ್ದಾತು’ ಎಂದಳು.

ಹತ್ತಿರ ಹೋಗಿ ನೋಡಿದೆ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆ, ಜೀನು ಕೂರುವ ಜಾಗದಲ್ಲಿ, ಅಂಗೈ ಅಗಲದ ಹುಣ್ಣು. ಕೂದಲು ಉದುರಿ, ಚರ್ಮ ಸುಲಿದು, ನಡುವೆ ಹಸಿಮಾಂಸ ಕಾಣುತ್ತಿತ್ತು. ಬಟ್ಟೆ ತಾಗಿದಾಗಲೆಲ್ಲ ಅದರ ಮೈಯ ಚರ್ಮ ಕುತ್ತಿಗೆಯಿಂದ ಬಾಲದವರೆಗೆ ನಡುಗುತ್ತಿತ್ತು.

‘ಇದು ಯಾವಾಗ ಆಯಿತು?’

‘ಎಂಟ್ ದಿನ್ದಿಂದ ಕೆಂಪಾಗಿತ್ತು. ಬಾಯಿ ಬುಟ್ಟಿದ್ದು ಇವತ್ತು.’

‘ಇವತ್ತು ಎಂದರೆ?’

‘ನೀವು ಕೂತಾಗ.’

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಹಾಜರಿ ಕೂಗಿದ ಹಾಗಿತ್ತು. ಆಪಾದನೆಯಾಗಿದ್ದರೆ ವಾದಿಸಬಹುದಾಗಿತ್ತು.

‘ಬೆಳಿಗ್ಗೆಯೇ ನನಗೆ ಹೇಳಬಾರದಾಗಿತ್ತೇ?’

‘ಎಲ್ಡ್ ಸತಿ ಏಳುದ್ನಲ್ಲ. ಒಂದ್ ಸತಿ ಸಾರ್ಗೆ, ಒಂದ್ ಸತಿ ನಿಮ್ಗೆ. ನೀವು ಪೋಟೋ ತಗೀಸ್ಕತಿದ್ರಿ.’

ಬಾಳೆಹಣ್ಣು ಕೈಯಲ್ಲೇ ಇತ್ತು. ಕೊಡಲು ನಾಚಿಕೆಯಾಯಿತು.

ಚಾಮುಂಡಿ ಉಳಿದದ್ದನ್ನು ಕೈಕೆಲಸ ನಿಲ್ಲಿಸದೆ ಹೇಳಿದಳು. ಐದು ವಾರದಿಂದ ಕುದುರೆಗಳಿಗೆ ಒಂದು ದಿನವೂ ಬಿಡುವಿಲ್ಲ. ವಾರಕ್ಕೊಂದು ದಿನ ಬಿಡಿ ಎಂದು ಅವಳು ಕೇಳಿದಾಗಲೆಲ್ಲ ಒಡೆಯನ ಉತ್ತರ ಒಂದೇ: ಈ ಸೀಸನ್ ಮುಗಿಯಲಿ. ಅಂದು ಮಧ್ಯಾಹ್ನ ಅವಳು ಕೇಳುವುದನ್ನು ಬಿಟ್ಟು ಹೇಳಿಯೇ ಬಂದಿದ್ದಳು, ನಾಳೆ ಸೋಮವಾರ, ನಾಲ್ಕರಲ್ಲಿ ಒಂದಕ್ಕೂ ಜೀನು ಹಾಕುವುದಿಲ್ಲ ಎಂದು. ಏಳು ಗಂಟೆಗೆ ಜೀನು ಬಿಗಿದಿರಬೇಕು, ಇಲ್ಲವಾದರೆ ಲಾಯದ ಕಡೆ ಮತ್ತೆ ಬರಬೇಡ ಎಂದು ಅವನೂ ಹೇಳಿದ್ದ.

‘ನಾನಂತೂ ನಾಳೆ ಹತ್ತುವುದಿಲ್ಲ’ ಎಂದೆ. ನನ್ನ ಕರ್ತವ್ಯ ಅಲ್ಲಿಗೆ ಮುಗಿಯಿತೆಂಬ ಸಮಾಧಾನವೂ ಆ ಮಾತಿನ ಜೊತೆಗೇ ಬಂತು.

ಅವಳು ಬಟ್ಟೆ ಹಿಂಡುತ್ತ ನನ್ನನ್ನು ನೋಡಿದಳು. ‘ನೀವು ಅತ್ನಿಲ್ಲ ಅಂದ್ರ ಆ ಅನು ಮೇಡಂ ಅತ್ತರ. ಅವ್ರು ಇಲ್ಲ ಅಂದ್ರ ನಾಡಿದ್ದು ಬರೋರು. ಚಂದ್ರಿಗೆ ಎಲ್ಲಾರೂ ಒಂದೇ ತೂಕ ಕಣಮ್ಮ.’

ಸೋಮವಾರದ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇಗೂರಿನ ನಮ್ಮ ಮನೆಯಲ್ಲೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರುತ್ತಿರಲಿಲ್ಲ. ಅದು ಬಸವಣ್ಣನ ದಿನ. ಅಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹಣೆಗೆ ವಿಭೂತಿ ಹಚ್ಚಿ ನೆರಳಿನಲ್ಲಿ ಕಟ್ಟುತ್ತಿದ್ದರು. ಬಿತ್ತನೆಯ ಹದ ತಪ್ಪುತ್ತಿದ್ದರೂ ನನ್ನ ತಂದೆ ಆ ನಿಯಮ ಮೀರಲಿಲ್ಲ. ಆ ಪಾಲನೆಯ ಬಗ್ಗೆ ನಾನು ತರಗತಿಯಲ್ಲಿ ಎಷ್ಟು ಸಲ ಹೆಮ್ಮೆಯಿಂದ ಹೇಳಿಲ್ಲ! ಆದರೆ ಆ ಬಿಡುವು ಸಿಕ್ಕಿದ್ದು ಎತ್ತಿನ ದೈವಿಕತೆಗೋ, ಅದರ ದಣಿವಿಗೋ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ದಣಿವಿಗೆ ಎಂದಾದರೆ ಅದು ಕುದುರೆಗೂ ಸಲ್ಲಬೇಕು, ಕತ್ತೆಗೂ ಸಲ್ಲಬೇಕು. ಇಷ್ಟು ಸರಳವಾದ ಲೆಕ್ಕ ನಮ್ಮ ಜನಕ್ಕೆ ಹೊಳೆಯದಿರುವುದು ಬುದ್ಧಿಯ ಕೊರತೆಯಿಂದಲ್ಲ. ಹೊಳೆದರೆ ನಷ್ಟವಾಗುತ್ತದೆ ಎಂಬ ಕಾರಣದಿಂದ.

ಸೋಮವಾರ ಏಳು ಗಂಟೆಗೆ ನಾವೆಲ್ಲ ಲಾಯದ ಮುಂದೆ ಸೇರಿದೆವು. ಕುದುರೆಗಳ ಮೈ ತಿಕ್ಕಿ ಹೊಳೆಯುತ್ತಿತ್ತು. ನಾಲ್ಕರ ಬೆನ್ನೂ ಬರಿದು. ಚಾಮುಂಡಿ ಬ್ರಷ್ಷು ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಪುಟ್ಟಬಸಪ್ಪ ಅತಿಥಿಗಳ ಎದುರು ನಗುತ್ತಲೇ ಕೇಳಿದ.

‘ಏನಮ್ಮಿ, ಜೀನು ಎಲ್ಲಿ?’

‘ಒಳಗವೆ ಸಾರ್. ಇವತ್ತು ಸೋಮವಾರ.’

‘ಸೋಮವಾರ ಎತ್ತಿಗೆ ಕಣಮ್ಮಿ. ಎತ್ತು ಬಸವಣ್ಣ. ನಮ್ಮ ತಾತ ಮುತ್ತಾತ ಮಾಡ್ಕ ಬಂದದ್ದು. ಈ ಕುದ್ರೆ ನಾನ್ ಮೊನ್ನೆ ಮೊನ್ನೆ ತಂದದ್ದು, ಇದ್ಕ ಯಾವ ಶಾಸ್ತ್ರ ಅದ?’

‘ತಂದು ನಾಕ್ ವರ್ಸ ಆಯ್ತು. ಶಾಸ್ತ್ರ ಇಲ್ಲ ಅಂದ್ರ ಇವತ್ತಿಂದ ಶುರು ಮಾಡನ.’

‘ನಾಳೆ ಜೀಪಿಗೂ ಸೋಮವಾರ ಕೇಳ್ತಿಯಾ ನೀನು.’

‘ಜೀಪು ನೋವ್ಗೆ ಬೆನ್ನು ನಡುಗ್ಸಕ್ಕಿಲ್ವಲ್ಲ ಸಾರ್.’

ಪ್ರದೀಪ್ ಗಡಿಯಾರ ನೋಡಿಕೊಂಡ. ‘ಅಂಕಲ್, ಕುದುರೆ ಮೇಲೆ ಪೀಕ್‌ಗೆ ಅಂತ ನಾನು ರಾತ್ರಿನೇ ಸ್ಟೇಟಸ್ ಹಾಕಿಬಿಟ್ಟಿದ್ದೀನಿ. ನಿಮ್ಮ ಮನೆ ಜಗಳ ಆಮೇಲೆ ಇಟ್ಕೊಳ್ಳಿ.’

ಪುಟ್ಟಬಸಪ್ಪನ ಮುಖದ ನಗು ಅಲ್ಲಿಗೆ ಮುಗಿಯಿತು. ತಾನೇ ಒಳಗೆ ಹೋಗಿ ಜೀನು ಹೊತ್ತು ತಂದು, ಸಾಧುವೆಂದು ಚಂದ್ರಿಯನ್ನೇ ಮೊದಲು ಆರಿಸಿ, ಅದರ ಬೆನ್ನಿಗೆ ದಪ್ಪ ಬಟ್ಟೆ ಹೊದಿಸಿ ಜೀನು ಏರಿಸಿದ. ಹೊಟ್ಟೆಯ ಪಟ್ಟಿ ಎಳೆದು ಬಿಗಿಯುವಾಗ ಅದು ಹಲ್ಲು ಕಿರಿದು ತಲೆ ಒದರಿತು.

ಆಗ ನಾನು ಮಾತಾಡಿದೆ. ಐದು ನಿಮಿಷ ಮಾತಾಡಿದೆ. ಕರುಣೆ, ಕರ್ತವ್ಯ, ಮೂಕಪ್ರಾಣಿ, ಮನುಷ್ಯತ್ವ, ಎಲ್ಲ ಪದಗಳೂ ಬಂದವು. ಒಂದು ವಾಕ್ಯವೂ ಕುಂಟಲಿಲ್ಲ. ಪುಟ್ಟಬಸಪ್ಪ ಕೈಕಟ್ಟಿ ಪೂರ್ತಿ ಕೇಳಿದ. ಕೊನೆಗೆ ವಿನಯದಿಂದಲೇ ಹೇಳಿದ: ‘ಸರಿ ಮೇಡಂ. ನೆನ್ನೆ ಇದರ ಮ್ಯಾಲೆ ಕೂತಿದ್ದೋರು ಯಾರು?’

ನಿನ್ನೆ ತಪ್ಪು ಮಾಡಿದವಳಿಗೆ ಇಂದು ಸರಿ ಹೇಳುವ ಹಕ್ಕಿಲ್ಲವೆಂದು ಯಾವ ಧರ್ಮವೂ ಹೇಳುವುದಿಲ್ಲ. ಆದರೂ ಅದನ್ನು ಅವನಿಗೆ ಹೇಳುವ ಬದಲು ಚಾಮುಂಡಿಯತ್ತ ತಿರುಗಿದೆ. ಅವಳು ಇರಲಿಲ್ಲ. ಬ್ರಷ್ಷು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅವಳು ರಸ್ತೆ ದಾಟಿ ಹೋಗುವುದನ್ನು ನೋಡಿ ಪುಟ್ಟಬಸಪ್ಪ, ‘ಓಗ್ಲಿ ಬುಡಿ. ಅಪ್ಪನ ಮನೆಗ್ ಓಗಿ ಅತ್ತು, ಮಧ್ಯಾನ್ಕ ತಾನೇ ಬತ್ತಳ’ ಎಂದ.

ಅವಳು ಅಪ್ಪನ ಮನೆಗೆ ಹೋಗಿರಲಿಲ್ಲ. ಪುಟ್ಟಬಸಪ್ಪ ಅತಿಥಿಗಳನ್ನು ಕೂರಿಸಿ, ಕಾಫಿ ಕೊಟ್ಟು ಸಮಾಧಾನಪಡಿಸಿ, ಎರಡನೆಯ ಕುದುರೆಗೆ ಜೀನು ತರಲು ಒಳಗೆ ಕಾಲಿಡುವಷ್ಟರಲ್ಲಿ ಎದುರುಬದಿಯಿಂದ ಗೆಜ್ಜೆಯ ಸದ್ದು ಬಂತು. ಕೊಟ್ಟಿಗೆಯ ಬಾಗಿಲಿನಿಂದ ಅವನ ಎರಡು ಎತ್ತುಗಳು ರಸ್ತೆಗೆ ಇಳಿದವು. ಮೈ ತೊಳೆದು ಇನ್ನೂ ಒದ್ದೆ, ಕೊಂಬುಗಳಲ್ಲಿ ಎಣ್ಣೆಯ ಹೊಳಪು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮತ್ತು ಹೆಗಲ ಮೇಲೆ ನೊಗ.

ಹಗ್ಗ ಹಿಡಿದು ಮುಂದೆ ಬಂದ ಚಾಮುಂಡಿ ಅವುಗಳನ್ನು ಕ್ಯಾಂಪಿನ ಗೇಟಿನ ನೇರಕ್ಕೆ, ನಡುರಸ್ತೆಯಲ್ಲಿ ನಿಲ್ಲಿಸಿದಳು. ಡೈರಿಗೆ ಹಾಲು ಹಾಕಿ ಬರುತ್ತಿದ್ದ ನಾಲ್ಕೈದು ಜನ ನಿಂತರು. ಸೋಮವಾರ ನೊಗ ಹೊತ್ತ ಎತ್ತನ್ನು ಆ ಊರಿನಲ್ಲಿ ಯಾರೂ ನೋಡಿರಲಿಲ್ಲ. ಹಾಲಿನ ಕ್ಯಾನು ಕೆಳಗಿಟ್ಟ ಒಬ್ಬ ಹೆಂಗಸು ಬಾಯಿಗೆ ಸೆರಗು ಹಿಡಿದಳು.

ಮನೆಯೊಳಗಿನಿಂದ ಪುಟ್ಟಬಸಪ್ಪನ ತಾಯಿ ಗುರುಮಲ್ಲಮ್ಮ ಓಡುತ್ತಲೇ ಬಂದರು. ಎಂಬತ್ತರ ಹತ್ತಿರದ ಜೀವ. ಬೆರಳುಗಳಲ್ಲಿ ವಿಭೂತಿ ಇನ್ನೂ ಅಂಟಿತ್ತು. ಎತ್ತುಗಳ ಹಣೆಗೆ ಹಚ್ಚಿದವರು ಅವರೇ.

‘ಅಯ್ಯೋ, ಏನಮ್ಮಿ ಇದು. ಯಾವ ವಾರ ಅಂತ ಮರ್ತ್ಬುಟ್ಟಿಯಾ?’

‘ಮರ್ತಿಲ್ಲ ಅವ್ವೋರೆ. ಸೋಮವಾರ.’

‘ಮತ್ತ ತೆಗಿ ನೊಗವ.’

‘ತೆಗಿತಿನಿ. ಅಲ್ಲಿ ಚಂದ್ರಿ ಮೇಲಿಂದ ಜೀನು ಇಳೀಲಿ, ಇಲ್ಲಿ ನೊಗ ಇಳೀತದ.’

ಪುಟ್ಟಬಸಪ್ಪ ಗೇಟು ದಾಟಿ ಬಂದ. ‘ನಿಮ್ಮಪ್ಪ ಇದ್ನೇ ಕಲ್ಸಿದ್ದಾನಾ ನಿಂಗೆ?’

‘ನಮ್ಮಪ್ಪ ಸೋಮವಾರ ನೊಗ ಮುಟ್ಬ್ಯಾಡ ಅಂತ ಕಲ್ಸಿದ್ದ. ಮುಟ್ಟಿದ್ದು ನಾನು. ಪಾಪ ಬಂದ್ರ ನಂಗೆ ಬರ್ಲಿ, ಅರ್ಧ ನಿಮ್ಗೂ ಬರ್ಲಿ.’

ಅವನು ನೊಗಕ್ಕೆ ಕೈ ಹಾಕಲು ಹೋದ. ಹತ್ತು ವರ್ಷದಿಂದ ಎತ್ತಿನ ಕೆಲಸವನ್ನೆಲ್ಲ ಬೋರಯ್ಯನಿಗೆ ಬಿಟ್ಟು, ಎದುರು ನಿಂತು ಕೈ ಮುಗಿಯುವುದನ್ನು ಮಾತ್ರ ಉಳಿಸಿಕೊಂಡಿದ್ದವನು. ಬಲಗಡೆಯ ಎತ್ತು ಕೊಂಬು ಬೀಸಿತು. ಅವನು ಎರಡು ಹೆಜ್ಜೆ ಹಿಂದೆ ಹಾರಿದ. ಹಾಲಿನವರಲ್ಲಿ ಯಾರೋ ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು.

‘ಬಿಚ್ಚಿ ಸಾರ್, ಬ್ಯಾಡ ಅನ್ನಕ್ಕಿಲ್ಲ’ ಎಂದಳು ಚಾಮುಂಡಿ. ‘ನೀವು ಬಿಚ್ಚಿ, ನಾನು ಮತ್ತ ಕಟ್ತಿನಿ. ಒತ್ತು ಮುಳುಗೋವರ್ಗೂ ಇಬ್ರೂ ಇದೇ ಕೆಲ್ಸ ಮಾಡನ.’

ಗುರುಮಲ್ಲಮ್ಮ ಮಗನನ್ನು ನೋಡಿದರು, ಹುಡುಗಿಯನ್ನು ನೋಡಿದರು. ‘ಕುದ್ರೆ ಬ್ಯಾರೆ, ಎತ್ತು ಬ್ಯಾರೆ ಕಣಮ್ಮಿ’ ಎಂದರು, ದನಿಯಲ್ಲಿ ಗಟ್ಟಿತನವಿರಲಿಲ್ಲ.

‘ಬ್ಯಾರೆ ಅಂತ ಯಾರ್ ಏಳುದ್ರು ಅವ್ವೋರೆ? ಎತ್ತು ಏಳ್ತಾ, ಕುದ್ರೆ ಏಳ್ತಾ? ಒಂದ್ಸತಿ ಬಂದು ಬೆನ್ನು ನೋಡಿ. ನೋಡಿದ್ ಮ್ಯಾಲೂ ಬ್ಯಾರೆ ಅನ್ನಿ, ನಾನೇ ನೊಗ ತೆಗ್ದು ನಿಮ್ಮ ಕಾಲಿಗ್ ಬೀಳ್ತಿನಿ.’

ಮುದುಕಿ ರಸ್ತೆ ದಾಟಿ ಲಾಯಕ್ಕೆ ಬಂದರು. ಸತ್ಯವನ್ನೇ ಬರೆಯಬೇಕು: ಅವರು ಬಂದದ್ದು ಕುದುರೆಯ ಮೇಲಿನ ಕರುಣೆಯಿಂದಲ್ಲ. ತಮ್ಮ ಎತ್ತುಗಳನ್ನು, ತಮ್ಮ ಮನೆಯ ನೇಮವನ್ನು, ಹಾಲಿನವರ ಬಾಯಿಯಿಂದ ತಮ್ಮ ಮರ್ಯಾದೆಯನ್ನು ಉಳಿಸಿಕೊಳ್ಳಲು ಬಂದರು. ಜೀನಿನ ಬಕಲ್ಲುಗಳ ಮೇಲೆ ಅವರ ಬೆರಳು ತಡಕಾಡಿದವು. ಅಷ್ಟು ಹೊತ್ತು ಮರದಂತೆ ನಿಂತಿದ್ದ ನಾನು ಹೋಗಿ ಪಟ್ಟಿ ಸಡಿಲಿಸಿದೆ. ಜೀನು ಕೆಳಗಿಟ್ಟೆ. ಕೆಳಗಿನ ಬಟ್ಟೆ ಬರಲಿಲ್ಲ; ಹುಣ್ಣಿಗೆ ಅಂಟಿಕೊಂಡಿತ್ತು. ಗುರುಮಲ್ಲಮ್ಮ ಅದರ ಅಂಚು ಹಿಡಿದು ಮೆಲ್ಲಗೆ ಬಿಡಿಸಿದರು. ಚಂದ್ರಿ ಮುಂಗಾಲು ಮಡಿಸಿ ಕುಸಿಯುವಂತಾಗಿ ಮತ್ತೆ ನಿಂತಿತು. ಬಟ್ಟೆಯ ಒಳಮೈಯಲ್ಲಿ ಕೀವು, ರಕ್ತ.

ಅವರು ಆ ಬಟ್ಟೆಯನ್ನು ಮಗನ ಕಡೆ ಚಾಚಿದರು.

‘ಎತ್ತಿನ ಮುಂದ ಕೈ ಮುಗ್ದು ಬಂದು, ಇದರ ಮ್ಯಾಲ ಜೀನು ಬಿಗ್ದಿಯೇನ್ಲಾ?’

ಪುಟ್ಟಬಸಪ್ಪ ಬಟ್ಟೆ ತೆಗೆದುಕೊಳ್ಳಲಿಲ್ಲ. ಅನು ಮುಖ ಬೇರೆ ಕಡೆ ತಿರುಗಿಸಿ, ‘ಪ್ರದೀಪ್, ನಾನು ಹತ್ತಲ್ಲ’ ಎಂದಳು.

‘ಇನ್ನೂ ಮೂರು ಇದಾವಲ್ಲೇ.’

‘ನೀನು ಹತ್ತು. ನಾನು ಈ ಬೆನ್ನಿನ ಫೋಟೋ ತೆಗೆದು, ಅದರ ಕೆಳಗೆ ನಿನ್ನ ಹೆಸರು ಹಾಕಿ ಸ್ಟೇಟಸ್ ಇಡ್ತೀನಿ.’

ಪ್ರದೀಪ್ ಫೋನನ್ನು ಜೇಬಿಗೆ ಹಾಕಿಕೊಂಡ.

ರಸ್ತೆಯಲ್ಲಿ ಚಾಮುಂಡಿ ನೊಗ ಇಳಿಸಿ ಹೆಗಲ ಮೇಲಿಟ್ಟುಕೊಂಡು, ಎತ್ತುಗಳನ್ನು ಕೊಟ್ಟಿಗೆಗೆ ಹೊಡೆದು ಕಟ್ಟಿ ಬಂದಳು. ಪುಟ್ಟಬಸಪ್ಪ ಅವಳಿಗಾಗಿ ಕಾಯುತ್ತಿದ್ದ. ‘ಸೋಮವಾರ ನನ್ನ ಎತ್ತಿನ ಮ್ಯಾಲ ನೊಗ ಇಟ್ಟೋಳು ನನ್ನ ಲಾಯದಲ್ಲಿ ಬ್ಯಾಡ. ಇದೇ ಕೊನೆ.’

‘ಇವ್ರ್ನ ನೆತ್ತಿಗೆ ಕರ್ಕಂಡೋಗ್ತಿನಿ ಅಂತ ನೀವು ಮಾತ್ ಕೊಟ್ಟಿದ್ದೀರಿ. ನಡ್ಸ್ಕಂಡ್ ಓಗಿ ಬತ್ತಿನಿ’ ಎಂದಳು ಅವಳು.

‘ನೀನು ನಮ್ಮ ಕ್ಯಾಂಪಿನೋಳೇ ಅಲ್ಲ ಅಂತಿದ್ದಿನಿ.’

‘ನಾವು ಕ್ಯಾಂಪಿನ ಹಿಂದೆ ಹೋಗುತ್ತಿಲ್ಲ, ಪುಟ್ಟಬಸಪ್ಪನವರೇ. ಇವಳ ಹಿಂದೆ ಹೋಗುತ್ತಿದ್ದೇವೆ’ ಎಂದೆ. ಆ ದಿನ ನಾನಾಡಿದ ಮಾತುಗಳಲ್ಲಿ ಅದೊಂದೇ ಚಿಕ್ಕದು. ಕೆಲಸಕ್ಕೆ ಬಂದದ್ದೂ ಅದೊಂದೇ.

ಹೀಗೆ ನಾನು ತೊರೆಕಲ್ಲು ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಿದೆ. ನನ್ನ ಬಲಮಂಡಿಯ ಬಗ್ಗೆ ಹೇಳಿ ಯಾರ ಅನುಕಂಪವನ್ನೂ ಕೇಳುವುದಿಲ್ಲ. ದೊಣೆಯವರೆಗಿನ ದಾರಿ ನಿನ್ನೆ ಮುಕ್ಕಾಲು ಗಂಟೆ ಹಿಡಿದಿತ್ತು. ಇಂದು ಎರಡು ಗಂಟೆ. ನಿನ್ನೆ ನನಗೆ ಕಾಣದೇ ಹೋದದ್ದೆಲ್ಲ ಇಂದು ಅಂಗಾಲಿಗೆ ತಿಳಿಯಿತು: ಉರುಳುವ ಹರಳುಕಲ್ಲು, ಬಂಡೆಯ ಜಾರು, ಲಾಂಟಾನದ ಬೇರಿನಲ್ಲಿ ಸಿಕ್ಕಿಕೊಳ್ಳುವ ಹೆಬ್ಬೆರಳು. ಒಂದೊಂದು ಏರಿನಲ್ಲೂ ಚಂದ್ರಿ ನನ್ನನ್ನು ಹೊತ್ತು, ತೆರೆದ ಹುಣ್ಣಿನ ಮೇಲೆ ಹೊತ್ತು, ಹೇಗೆ ಹತ್ತಿತೆಂದು ಮಂಡಿ ನನಗೆ ಲೆಕ್ಕ ಒಪ್ಪಿಸುತ್ತಿತ್ತು. ದೊಣೆಯ ಮೇಲೆ ಕುದುರೆಯ ದಾರಿ ಬೆಟ್ಟ ಸುತ್ತಿಕೊಂಡು ಹೋಗುತ್ತದೆ; ಹೊತ್ತು ಉಳಿಸಲು ನಾವು ಹಿಡಿದ ನೇರ ಏರಿನಲ್ಲಿ ದಾರಿಯೇ ಇಲ್ಲ. ಬಂಡೆಯ ಬಿರುಕಿನಲ್ಲಿ ಕೈಯಿಟ್ಟು, ಹುಲ್ಲಿನ ಬುಡ ಹಿಡಿದು, ಕೆಲವು ಕಡೆ ಕುಳಿತೇ ಜರುಗಬೇಕು. ಒಂದು ಕಡೆ ಚಾಮುಂಡಿ ತಟ್ಟನೆ ಕೈ ಎತ್ತಿ ನಿಲ್ಲಿಸಿದಳು. ಕೆಳಗಿನ ಕಣಿವೆಯ ಬಿದಿರಿನಲ್ಲಿ ಕೊಂಬೆ ಮುರಿಯುವ ಸದ್ದು.

‘ಒಂಟಿ ಆನೆ’ ಎಂದು ಪಿಸುಗುಟ್ಟಿದಳು. ‘ಗಾಳಿ ನಮ್ ಕಡೆಗಿದೆ, ಅದ್ಕ ಗೊತ್ತಾಗಕ್ಕಿಲ್ಲ. ನಾಕ್ ಗಂಟೆಗ್ ಮುಂಚೆ ಇಳ್ದ್ಬುಡನ.’

ಪ್ರದೀಪ್ ಅಲ್ಲಿಂದ ಮುಂದೆ ಕಡಿದಾದ ಎರಡು ಜಾಗದಲ್ಲಿ ಕೇಳದೆಯೇ ನನ್ನ ಕೈ ಹಿಡಿದು ಎಳೆದುಕೊಂಡ. ಅದನ್ನು ಅವನ ಪರವಾಗಿ ದಾಖಲಿಸಬೇಕು.

ನೆತ್ತಿ ಎಂಬುದು ಒಂದು ಬೋಳುಬಂಡೆ; ನಾಲ್ಕು ಜನ ಕೂರುವಷ್ಟು ಜಾಗ. ಅತ್ತ ತಮಿಳುನಾಡಿನ ಕಡೆಗೆ ಬೆಟ್ಟದ ಹಿಂದೆ ಬೆಟ್ಟ, ಇತ್ತ ನಮ್ಮ ಬಯಲು. ಕೆಳಗೆ ಕ್ಯಾಂಪಿನ ಹೆಂಚು ಬೆಂಕಿಪೊಟ್ಟಣದಷ್ಟು. ಗಾಳಿ ಮೈಯನ್ನು ತಳ್ಳುತ್ತಿತ್ತು. ಚಾಮುಂಡಿ ಗಂಟು ಬಿಚ್ಚಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಹಂಚಿದಳು.

‘ಇನ್ನು ಏನು ಮಾಡುತ್ತೀಯಮ್ಮ?’ ಎಂದು ಕೇಳಿದೆ. ‘ಕೆಲಸ ಹೋಯಿತಲ್ಲ. ಗುಂಡ್ಲುಪೇಟೆಯ ಕಡೆ ಎಲ್ಲಾದರೂ ನನಗೆ ಗೊತ್ತಿದ್ದವರ ಹತ್ತಿರ ಹೇಳಲೇ?’

‘ಬ್ಯಾಡಿ ಮೇಷ್ಟ್ರಮ್ಮ. ನಾನ್ ಓದ್ರ ನಾಳಿಕ್ಕೆ ಚಂದ್ರಿ ಮ್ಯಾಲ ಜೀನು ಏರ್ತದ. ಅದೇ ತಾನೇ ಅವ್ರ್ಗೂ ಬೇಕಾಗಿರೋದು.’ ಅವಳು ರೊಟ್ಟಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು. ‘ನಾನ್ ಓಗಕ್ಕಿಲ್ಲ.’

‘ಅವರು ಬರಬೇಡ ಎಂದಿದ್ದಾರಲ್ಲ.’

‘ಅಂದವ್ರೆ. ಅವ್ರು ಅಂದಿದ್ದೆಲ್ಲಾ ಮಾಡ್ತಿದ್ರ ಇಷ್ಟೊತ್ಗೆ ನೀವು ಕುದ್ರೆ ಮ್ಯಾಲ ಕೂತಿರ್ತಿದ್ರಿ.’

ನಾವು ಕೆಳಗೆ ಬಂದಾಗ ಮೂರೂವರೆ. ಲಾಯದ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಲಾಗಿತ್ತು. ಅದರ ಮುಂದೆ ಕುರ್ಚಿ ಹಾಕಿಕೊಂಡು ಪುಟ್ಟಬಸಪ್ಪ ಕುಳಿತಿದ್ದ, ಕೀಲಿಕೈ ಬೆರಳಿನಲ್ಲಿ. ಎದೆಯೆತ್ತರದ ಕಲ್ಲುಗೋಡೆಯಾಚೆ ನಾಲ್ಕೂ ಕುದುರೆಗಳು ನಮ್ಮ ಹೆಜ್ಜೆ ಕೇಳಿ ಒಟ್ಟಿಗೆ ಕೆನೆದವು.

ಚಾಮುಂಡಿ ಗೋಡೆಯಿಂದ ಇಣುಕಿ ನೋಡಿದಳು. ‘ನೀರ್ ಕೊಟ್ಟಿಲ್ವಾ ಸಾರ್?’

‘ತೊಟ್ಟಿ ಅದಲ್ಲ ಒಳಗೆ.’

‘ತೊಟ್ಟಿ ಅದ. ನೀರು ನಾನ್ ಒತ್ತಾಕಿದ್ರ ಇರ್ತದ. ಬೆಳಗ್ಗೆ ಆಕಿದ್ದು ಅತ್ತ್ ಗಂಟೆಗೇ ಖಾಲಿ ಆಗಿರ್ತದ.’

ಅವನಿಗೆ ಅದು ಗೊತ್ತಿರಲಿಲ್ಲವೆಂದು ಮುಖದಲ್ಲೇ ಕಂಡಿತು. ನಾಲ್ಕು ವರ್ಷ ಕುದುರೆಗಳನ್ನು ಸಾಕಿದ ಯಜಮಾನನಿಗೆ ಅವು ಎಷ್ಟು ಹೊತ್ತಿಗೆ ನೀರು ಕುಡಿಯುತ್ತವೆಂದು ತಿಳಿದಿರಲಿಲ್ಲ. ಕ್ರೌರ್ಯವೆಂದರೆ ಕೈಯಲ್ಲಿ ಚಾಟಿ ಹಿಡಿದೇ ಇರಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದು ಕುರ್ಚಿಯ ಮೇಲೆ ಸುಮ್ಮನೆ ಕುಳಿತಿರಲೂಬಹುದು. ಆದರೆ ಅವನು ಏಳಲಿಲ್ಲ. ಎದ್ದರೆ ಸೋತಂತೆ ಎಂದು ಭಾವಿಸಿದ್ದ.

‘ನಮ್ಮವ್ವನ ಮುಂದೆ ನಿಂತು, ನೊಗ ಇಟ್ಟಿದ್ದು ತಪ್ಪಾಯ್ತು ಅಂತ ಏಳು. ಬೀಗ ತೆಗಿತಿನಿ.’

‘ತಪ್ಪು ಮಾಡಿದ್ರ ಏಳ್ತಿದ್ದೆ.’

‘ಅಂಗಾದ್ರ ಗೇಟು ತೆಗಿಯಕ್ಕಿಲ್ಲ.’

‘ತೆಗಿಬ್ಯಾಡಿ’ ಎಂದಳು ಚಾಮುಂಡಿ. ಚಪ್ಪಲಿ ಬಿಟ್ಟು, ಗೋಡೆಯ ಕಲ್ಲಿನ ಸಂದಿಗೆ ಕಾಲಿಟ್ಟು, ಒಂದೇ ನೆಗೆತಕ್ಕೆ ಆಚೆ ಇಳಿದಳು.

ಪುಟ್ಟಬಸಪ್ಪ ಕೀಲಿಕೈ ಹಿಡಿದು ಎದ್ದು ನಿಂತ. ತೆಗೆಯೆಂದು ಯಾರೂ ಕೇಳದ ಬೀಗದ ಕೀಲಿಕೈ. ‘ಪೊಲೀಸ್ನೋರ್ನ ಕರಿಸ್ತಿನಿ’ ಎಂದ.

‘ಕರಿಸಿ ಸಾರ್. ಬರೋರ್ಗೆ ಎಲ್ಡ್ ಬಕೆಟ್ ಜಾಸ್ತಿ ತರಕ್ಕೇಳಿ, ಬೇಗ ಮುಗೀತದ.’ ಅವಳ ಕೈ ಆಗಲೇ ಚಂದ್ರಿಯ ಕುತ್ತಿಗೆಯ ಮೇಲಿತ್ತು. ‘ಕೇಳುಸ್ಕಳಿ. ನಾಳಿಕ್ಕೆ ಮೂರ್ ಕುದ್ರೆ ಓಯ್ತವೆ. ಚಂದ್ರಿ ಬೆನ್ನು ಮಾಯೋವರ್ಗೂ ಇಲ್ಲ. ಬರೋ ಸೋಮವಾರ ನಾಕೂ ಇಲ್ಲ, ಬುಕಿಂಗ್ ತಕ್ಕಬ್ಯಾಡಿ.’

‘ಏಳಕ್ಕೆ ನೀನ್ಯಾರಮ್ಮಿ?’

‘ಲಾಯ್ದೋಳು.’

ರಸ್ತೆಯಾಚೆ ಮನೆಯ ಜಗಲಿಯ ಮೇಲೆ ಗುರುಮಲ್ಲಮ್ಮ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಮಗ ಆ ಕಡೆ ತಿರುಗಿದ. ಅವರು ಅವನನ್ನು ಕರೆಯಲೂ ಇಲ್ಲ, ಅವನ ಪರವಾಗಿ ಒಂದು ಮಾತಾಡಲೂ ಇಲ್ಲ. ಅವನ ಜೇಬಿನಲ್ಲಿ ಫೋನು ರಿಂಗಾಯಿತು. ಯಾರೋ ಮುಂದಿನ ವಾರಕ್ಕೆ ಬರುವವರು. ‘ಹೂಂ... ಶನಿವಾರ ಬನ್ನಿ, ಭಾನುವಾರ ಬನ್ನಿ’ ಎಂದ. ಅತ್ತಲಿಂದ ಏನೋ ಕೇಳಿದರು. ಅವನು ಗೋಡೆಯನ್ನು ನೋಡಿದ. ‘ಸೋಮವಾರದ್ದು ಆಮೇಲೆ ಏಳ್ತಿನಿ’ ಎಂದು ಫೋನು ಇಟ್ಟ.

ಅವಳ ಗೆಲುವು ಅಷ್ಟೇ. ದೊಡ್ಡದೆಂದು ನಾನು ಹೇಳುವುದಿಲ್ಲ. ಅವನು ಮುಂದಿನ ವಾರ ಹಟ ಹಿಡಿಯಬಹುದು, ಬೇರೆ ಆಳು ತರಬಹುದು. ಆದರೆ ಅವಳು ಗೋಡೆಯ ಒಳಗಿದ್ದಳು, ಅವನು ಹೊರಗಿದ್ದ. ಅವಳನ್ನು ಹೊರಗೆ ಹಾಕಬೇಕಾದರೆ ಬೀಗ ತೆಗೆಯಬೇಕಾದವನು ಅವನೇ.

ಒಳಗಿನ ತೊಟ್ಟಿಗೆ ನೀರು ಒದಗಿಸುವ ದೊಡ್ಡ ಸಿಮೆಂಟ್ ಟ್ಯಾಂಕು ಇದ್ದದ್ದು ಗೋಡೆಯ ಹೊರಬದಿಯಲ್ಲಿ, ಬೋರ್‌ವೆಲ್ಲಿನ ಪಕ್ಕದಲ್ಲಿ. ನಾನು ಬ್ಯಾಗನ್ನು ನೆಲಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟು ಅದ್ದಿ ಎತ್ತಿದೆ.

‘ಮೇಡಂ, ನಿಮ್ಮ ಬಸ್ಸು ನಾಲ್ಕಕ್ಕೆ’ ಎಂದ ಪುಟ್ಟಬಸಪ್ಪ.

‘ಹೋಗಲಿ’ ಎಂದೆ.

ಅನು ಎರಡನೆಯ ಬಕೆಟ್ಟು ಹುಡುಕಿ ತಂದಳು. ಗೋಡೆಯಾಚೆಯಿಂದ ಚಾಮುಂಡಿ ಎರಡೂ ಕೈ ಚಾಚಿದಳು. ಮೊದಲ ಬಕೆಟ್ಟನ್ನು ಚಂದ್ರಿ ತಲೆಯೆತ್ತದೆ ಖಾಲಿ ಮಾಡಿತು.